ಹುಲ್ಲಿನ ಮೇಲೆ ಕಾರು

ನಾನು ಕಾನೂನಿಗೆ ಹೆದರುವ ಮನುಷ್ಯ. ಕೆಂಪು ದೀಪ ಕಂಡರೆ ನಡೆದು ಹೋಗುವಾಗಲೂ ನಿಂತುಬಿಡುತ್ತೇನೆ. ಅಂಥ ನನಗೆ ಎಪ್ಪತ್ತರ ದಶಕದಲ್ಲಿ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮನೆ ಕೊಂಡ ಹೊಸದರಲ್ಲೇ ದಂಡ ಬಿತ್ತು. ಮಾಡಿದ ತಪ್ಪು, ನನ್ನ ಕಾರನ್ನು ನನ್ನದೇ ಅಂಗಳದಲ್ಲಿ ನಿಲ್ಲಿಸಿದ್ದು.

ಅಂಗಳವೆಂದರೆ ನನಗೆ ಮೈಸೂರಿನದು. ಅಲ್ಲಿ ಹಪ್ಪಳ ಒಣಗುತ್ತದೆ, ಮದುವೆಗೆ ಚಪ್ಪರ ಏಳುತ್ತದೆ, ಬಂದವರ ಸೈಕಲ್ಲು ನಿಲ್ಲುತ್ತದೆ, ಒಮ್ಮೊಮ್ಮೆ ಬೀದಿಯ ಹಸುವೂ ನಿಲ್ಲುತ್ತದೆ. ಅಮೆರಿಕದಲ್ಲಿ ಮನೆ ಮುಂದೆ ನಿಲ್ಲುವ ಹಕ್ಕಿರುವುದು ಹುಲ್ಲಿಗೆ ಮಾತ್ರ. ಅದಕ್ಕೆ ನೀರು, ಗೊಬ್ಬರ, ವಾರಕ್ಕೊಮ್ಮೆ ಕ್ಷೌರ. ಇಷ್ಟೆಲ್ಲ ಮಾಡಿ ದನಕ್ಕೂ ಹಾಕುವುದಿಲ್ಲ. ಗರಿಕೆ, ದರ್ಭೆಗಳನ್ನು ಬಿಟ್ಟರೆ ಇಂಥ ಮರ್ಯಾದೆ ನಮ್ಮಲ್ಲಿ ಯಾವ ಹುಲ್ಲಿಗೂ ಸಿಕ್ಕಿದ್ದಿಲ್ಲ.

ಆ ಯುಗಾದಿಯ ದಿನ ನಾನು ಆಫೀಸಿಗೆ ಹೋದ ಮೇಲೆ ನನ್ನ ಹೆಂಡತಿ ಸರಳಾ, ಮನೆ ಪಕ್ಕ ಕಾರು ನಿಲ್ಲಿಸುವ ಸಿಮೆಂಟಿನ ಡ್ರೈವ್‌ವೇ ತೊಳೆದು, ಅದರ ಉದ್ದಗಲಕ್ಕೂ ರಂಗೋಲಿ ಹಾಕಿದ್ದಳು. ಅಲ್ಲಿಯವರೆಗೆ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದವಳಿಗೆ ಮೊದಲ ಸಲ ಸ್ವಂತ ನೆಲ ಸಿಕ್ಕಿತ್ತು. ಸಂಜೆ ನಾನು ಬಂದಾಗ ಬೀದಿಯಲ್ಲಿ ಜಾಗವಿರಲಿಲ್ಲ. ಹಬ್ಬದ ರಂಗೋಲಿಯ ಮೇಲೆ ಟೈರು ಹತ್ತಿಸಿ, ಅದೇ ಹೆಂಡತಿಯ ಕೈಯಿಂದ ಒಬ್ಬಟ್ಟು ಹಾಕಿಸಿಕೊಳ್ಳುವ ಧೈರ್ಯ ಯಾವ ಗಂಡನಿಗಿದೆ? ಕಾರನ್ನು ಹುಲ್ಲಿನ ಮೇಲೆ ನಿಲ್ಲಿಸಿದೆ.

ಒಬ್ಬಟ್ಟಿಗೆ ತುಪ್ಪ ಬೀಳುವಷ್ಟರಲ್ಲಿ ನಗರದ ಇನ್‌ಸ್ಪೆಕ್ಟರ್ ಬಂದ. ರಂಗೋಲಿ ತುಳಿಯದೆ ಬಳಸಿಕೊಂಡು ಬಂದು, ಬಹಳ ಚೆನ್ನಾಗಿದೆ ಎಂದು ಹೊಗಳಿ, ದಂಡದ ಚೀಟಿ ಹರಿದು ಕೊಟ್ಟ. ದೂರು ಕೊಟ್ಟಿದ್ದವರು ಪಕ್ಕದ ಮನೆಯ ವೃದ್ಧೆ ಮಿಸೆಸ್ ರೊಸ್ಸಿ.

ಇದು ಬರೀ ಸಿವಿಲ್ ದಂಡ, ಜೈಲಿಲ್ಲ ಎಂದು ಗೆಳೆಯರು ಧೈರ್ಯ ಹೇಳಿದರು. ನಾನು ಕಟ್ಟಿ ಮರೆತೆ. ಸರಳಾ ಮರೆಯಲಿಲ್ಲ. “ಇನ್ಮೇಲೆ ಹೊರಗಡೆ ರಂಗೋಲಿ ಬೇಡಾರೀ. ಒಳಗೇ ದೇವರ ಮುಂದೆ ಎರಡೆಳೆ ಎಳೆದ್ರೆ ಸಾಕು” ಎಂದಳು. ದಂಡ ತೆತ್ತಾಗ ಆಗದ ಸಂಕಟ ಆ ಮಾತಿನಿಂದ ಆಯಿತು. ಈ ನೆಲ ನಮ್ಮದಲ್ಲವೆಂದು ಅವಳು ಒಪ್ಪಿಕೊಂಡುಬಿಟ್ಟಿದ್ದಳು.

ದೀಪಾವಳಿಯ ಬೆಳಿಗ್ಗೆ ನಾವು ಮೆಟ್ಟಿಲ ಮೇಲೆ ಹಣತೆ ಜೋಡಿಸುತ್ತಿದ್ದಾಗ ಮಿಸೆಸ್ ರೊಸ್ಸಿ ಬೇಲಿಯ ಹತ್ತಿರ ಬಂದರು. ಹಬ್ಬವೇ ಎಂದು ಕೇಳಿದರು. ಹಾಗಾದರೆ ಆ ಬಿಳಿ ಚಿತ್ರವೆಲ್ಲಿ ಎಂದರು. ಕಾರು ಅವತ್ತು ಹುಲ್ಲು ಹತ್ತಿದ್ದೇಕೆಂದು ಸರಳಾ ತನ್ನ ಹೊಸ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಅವರು ನಮ್ಮ ಡ್ರೈವ್‌ವೇನಲ್ಲಿ ನಿಂತಿದ್ದ ಕಾರಿನತ್ತ ನೋಡಿದರು.

“ನಾನು ಫೋನ್ ಮಾಡಿದ್ದು ಕಾರಿನ ಬಗ್ಗೆ, ಚಿತ್ರದ ಬಗ್ಗೆ ಅಲ್ಲ” ಎಂದವರೇ ಹೋಗಿ, ತಮ್ಮ ಉದ್ದನೆಯ ಹಳೇ ಕಾರನ್ನು ಬೀದಿಗೆ ತೆಗೆದು ನಿಲ್ಲಿಸಿ, ನನ್ನನ್ನು ಕರೆದರು. “ನಿನ್ನದನ್ನು ನನ್ನ ಡ್ರೈವ್‌ವೇನಲ್ಲಿ ನಿಲ್ಲಿಸು. ಚಕ್ರ ಹುಲ್ಲಿಗೆ ತಾಗಿದರೆ ಮತ್ತೆ ಫೋನ್ ಮಾಡುತ್ತೇನೆ.”

ನಾನು ಉಸಿರು ಬಿಗಿಹಿಡಿದು ಕಾರು ಸರಿಸಿದೆ. ಸರಳಾ ಸೆರಗು ಸಿಕ್ಕಿಸಿಕೊಂಡು ಚುಕ್ಕಿ ಇಡಲು ಕೂತಳು. ಬಳ್ಳಿ ಎಳೆಯುತ್ತ ಎಳೆಯುತ್ತ ಫುಟ್‌ಪಾತಿನ ಮೇಲೆ ಸಾಗಿ, ನಮ್ಮ ನೆಲ ಮುಗಿದದ್ದೂ ತಿಳಿಯದೆ ಮಿಸೆಸ್ ರೊಸ್ಸಿಯವರ ಹೊಸ್ತಿಲವರೆಗೂ ಹೋಗಿಬಿಟ್ಟಳು. ಪರರ ಜಾಗದಲ್ಲಿ ರಂಗೋಲಿ ಹಾಕಿದರೆ ಈ ನಗರದಲ್ಲಿ ದಂಡವೆಷ್ಟೋ ನನಗೆ ಇಂದಿಗೂ ಗೊತ್ತಿಲ್ಲ. ಯಾರೂ ಫೋನ್ ಮಾಡಲಿಲ್ಲ.