ಗೌರಿ ಸಾಲಿನ ಕೊನೆಯ ಹೋರಿ

1908ನೇ ಇಸವಿ, ಕೀಲಕ ಸಂವತ್ಸರ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಗೆ ಒಂದು ಹರದಾರಿ ದೂರದ ನಮ್ಮ ದೊಡ್ಡಿಯಲ್ಲಿ ಆಗ ಇಪ್ಪತ್ತಾರು ಹಸುಗಳಿದ್ದವು. ಹಾಲು ಕರೆಯುವುದು, ಬೆಣ್ಣೆ ತೆಗೆಯುವುದು, ಕರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಹಸುವಿಗೆ ಯಾವ ಹೋರಿ ಬಿಡಬೇಕು, ಯಾವ ಕರುವನ್ನು ಉಳಿಸಿಕೊಳ್ಳಬೇಕು ಎಂಬುದೆಲ್ಲ ನನ್ನ ತಮ್ಮ ರುದ್ರಪ್ಪನದು. ತಂದೆ ತಾಯಿ ಆಗಲೇ ಇರಲಿಲ್ಲ. ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಆರು ವರ್ಷವಾಗಿತ್ತು. ರುದ್ರಪ್ಪ ಮದುವೆಯ ಮಾತೆತ್ತಿದರೆ ಹೊರಗೆ ಎದ್ದು ಹೋಗುತ್ತಿದ್ದ. ಮನೆಯಲ್ಲಿ ನಾವಿಬ್ಬರೇ. ಕೂಲಿಮಠದಲ್ಲಿ ಎರಡು ವರ್ಷ ಓದಿದ್ದಷ್ಟೇ ನನ್ನ ವಿದ್ಯೆ. ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹಳ್ಳಿಕಾರ್ ತಳಿ. ಬೂದು ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು. ಈ ಹಸುಗಳು ಕೊಡುವ ಹಾಲು ಕಡಿಮೆ. ಇವನ್ನು ಸಾಕುವುದು ಮುಖ್ಯವಾಗಿ ಒಳ್ಳೆಯ ಎತ್ತುಗಳಿಗಾಗಿ. ಆದ್ದರಿಂದ ಎರಡು ಮೊಲೆ ಕರುವಿಗೆ, ಎರಡು ಮೊಲೆ ಮನೆಗೆ ಎಂಬುದು ತಂದೆಯ ಕಾಲದ ಕಟ್ಟಳೆ. ಬೀಜಕ್ಕೆ ಉಳಿಸಿಕೊಳ್ಳುವ ಹೋರಿಗರುವಿಗೆ ಮಾತ್ರ ನಾಲ್ಕೂ ಮೊಲೆ. ದನದ ವಂಶವನ್ನು ನಾವು ತಾಯಿಯ ಹೆಸರಿನಿಂದ ಗುರುತಿಸುತ್ತಿದ್ದೆವು. ನಮ್ಮಲ್ಲಿದ್ದದ್ದು ಮೂರು ಸಾಲು. ಅದರಲ್ಲಿ ಗೌರಿ ಸಾಲು ಎಲ್ಲಕ್ಕಿಂತ ಹಳೆಯದು, ಅಜ್ಜನ ಕಾಲದ್ದು. ರುದ್ರಪ್ಪ ಅದರ ಏಳು ತಲೆಯನ್ನು ಬಾಯಿಪಾಠವಾಗಿ ಹೇಳುತ್ತಿದ್ದ.

ಮೂರು ವರ್ಷದ ಹಿಂದೆ ದನಗಳಿಗೆ ದೊಡ್ಡರೋಗ ಬಂದು ಬೀಜದ ಹೋರಿ ಸತ್ತಿತ್ತು. ಗೌರಿ ಸಾಲಿನಲ್ಲಿ ಉಳಿದದ್ದು ಒಂದು ಮುದಿ ಹಸು, ಅದರ ಹೊಟ್ಟೆಯಲ್ಲಿದ್ದ ಒಂದು ಕರು. ಹುಟ್ಟಿದ್ದು ಹೋರಿಗರು. ಆಮೇಲೆ ಆ ಹಸು ಬೆದೆಗೆ ಬರಲೇ ಇಲ್ಲ. ಹೆಣ್ಣುಗರು ಇಲ್ಲದ್ದರಿಂದ, ಇನ್ನು ಈ ಒಂದು ಹೋರಿಯ ಮೂಲಕವೇ ಗೌರಿ ಸಾಲಿನ ರಕ್ತ ಮುಂದುವರಿಯಬೇಕಾಗಿತ್ತು. ಇದು ನನಗೂ ಗೊತ್ತಿತ್ತು.

ಆ ಕರುವಿಗೆ ಹೆಗಲ ಮೇಲಿನ ಹಿಣಿಲಿನ ಹಿಂದೆ, ಬೆನ್ನಿನ ನಡುವಿನಿಂದ ಬಲಕ್ಕೆ ಸರಿದು ಒಂದು ಸುಳಿ ಇತ್ತು. ಕೂದಲು ಸುತ್ತಿಕೊಂಡು ಬೆಳೆದ ಗುರುತು ಅದು. ದನ ಕೊಳ್ಳುವವರು ಹಲ್ಲಿಗಿಂತ ಮೊದಲು ಸುಳಿ ನೋಡುತ್ತಿದ್ದ ಕಾಲ. ಬೆನ್ನಿನ ಮೇಲೆ ಪಕ್ಕಕ್ಕೆ ಸರಿದ ಸುಳಿ ಮನೆಯ ಯಜಮಾನನಿಗೆ ಆಗಿಬರುವುದಿಲ್ಲ ಎಂದು ಬಂದವರೆಲ್ಲ ಹೇಳಿದರು. ಆ ವರ್ಷ ರುದ್ರಪ್ಪ ಎರಡು ಸಲ ಜ್ವರದಲ್ಲಿ ಮಲಗಿದ್ದ. ನಾನು ಹೆದರಿದೆ. ಎತ್ತಾದರೆ ಯಾರಿಗಾದರೂ ಕೊಟ್ಟು ಕಳಿಸಬಹುದು, ಬೀಜದ ಹೋರಿಯಾದರೆ ಸಾಯುವ ತನಕ ನಮ್ಮ ಕೊಟ್ಟಿಗೆಯಲ್ಲೇ ಇರುತ್ತದಲ್ಲ ಎಂದು ಹೇಳಿ ನೋಡಿದೆ.

"ಅಕ್ಕ, ಭಾವ ಹೋದಾಗ ಆ ಮನೆಯೋರು ನಿನ್ನ ಕಾಲ್ಗುಣ ಅಂದ್ರಲ್ಲ, ಇದೂ ಅಂಥದ್ದೇ ಮಾತು" ಅಂದ ರುದ್ರಪ್ಪ. "ಕೂದ್ಲು ಯಾವ ಕಡೆ ತಿರುಗಿದ್ರೇನು? ಅವ್ವ ಯಾರು ಅಂತ ನೋಡು."

ಅವನು ನನ್ನ ಪರವಾಗಿಯೇ ಆ ಮಾತಾಡಿದ್ದ. ನನಗೆ ಚುಚ್ಚಿದ ಹಾಗೆ ಕೇಳಿಸಿತು. ಮೂರು ದಿನ ಅವನಿಗೆ ಊಟ ಬಡಿಸಿ ಸುಮ್ಮನೆ ಒಳಗೆ ಹೋಗುತ್ತಿದ್ದೆ.

ಪುಷ್ಯ ಮಾಸದಲ್ಲಿ ರುದ್ರಪ್ಪ ಹೊಸದುರ್ಗದ ಕಡೆಗೆ ಹೊರಟ. ಈ ಹೋರಿಗೆ ಸರಿಹೊಂದುವ ಎರಡು ಕಡಸು ಅಲ್ಲಿವೆ ಎಂದು ಸುದ್ದಿ ಬಂದಿತ್ತು. ಚಳಿಗಾಲದಲ್ಲಿ ನೊಣ ಕಡಿಮೆ, ಗಾಯ ಬೇಗ ಮಾಯುತ್ತದೆ. ಹಾಗಾಗಿ ಎತ್ತು ಮಾಡುವ ಹೋರಿಗಳ ಬೀಜ ಒಡೆಸುವುದೂ ಅದೇ ತಿಂಗಳು. "ಬೀಜ ಒಡೆಯೋನು ಬಂದ್ರೆ ನಮ್ಮ ಗೌರಿ ಮಗನ್ನ ಹಿಂದಿನ ಕೊಟ್ಟಿಗೇಲಿ ಕಟ್ಟಿಸು ಅಕ್ಕ" ಎಂದು ಎರಡು ಸಲ ಹೇಳಿ ಹೋದ.

ಮಾರನೆಯ ಬೆಳಿಗ್ಗೆಯೇ ಬೀಜ ಒಡೆಯುವ ಮುದುಕ ಹೊಳಲ್ಕೆರೆಯ ಕಡೆಯಿಂದ ಬಂದ. ಪ್ರತಿ ವರ್ಷ ಬರುವವನು, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏನವ್ವ, ಎಷ್ಟು ಮದುಮಕ್ಳನ್ನ ಸನ್ಯಾಸಿ ಮಾಡ್ಬೇಕು ಇವತ್ತು?"

"ನಾಕು" ಅಂದೆ.

ಒಡೆಸಬೇಕಾಗಿದ್ದದ್ದು ಮೂರೇ. ದನ ಕಾಯುವ ಕಾಟಪ್ಪ ನನ್ನ ಮುಖ ನೋಡಿದ. ತಂದೆಯ ಕಾಲದಿಂದ ನಮ್ಮಲ್ಲಿದ್ದ ಅವನಿಗೆ ಒಂದೊಂದು ದನದ ಉಸಿರೂ ಗೊತ್ತು.

"ಅಕ್ಕಾರೆ, ಗೌರಿ ಮಗನ್ನ ಬಿಡ್ಬೇಕು ಅಂದಿದ್ರಲ್ಲ ಗೌಡ್ರು?"

"ಹೋಗೋವಾಗ ಮನಸು ಬದಲಾಯಿಸಿದ. ಹಿಡ್ಕಂಡು ಬಾ."

"ನನ್ ಕೂಡ ಹೇಳ್ಲಿಲ್ಲ."

"ನಿನಗೆಲ್ಲಾ ಹೇಳೇ ಮಾಡ್ಬೇಕೇನು?"

ಅವನು ಹಗ್ಗ ತೆಗೆದುಕೊಂಡು ಹೋದ. ಹೋರಿಯನ್ನು ಕೆಡವಿ, ನಾಲ್ಕು ಕಾಲನ್ನೂ ಕಟ್ಟಿ, ಎರಡು ಕೋಲಿನ ನಡುವೆ ನರ ಸಿಕ್ಕಿಸಿ ಜಜ್ಜುವ ಕೆಲಸ. ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಬೇರೆ ಮೂರು ಹೋರಿಗಳ ಸರದಿಯಲ್ಲಿ ಅಲ್ಲೇ ನಿಂತಿದ್ದೆ. ಇದರ ಸರದಿಗೆ ಅರಿಸಿನ ಎಣ್ಣೆ ತರುತ್ತೇನೆಂದು ಒಳಗೆ ಹೋದೆ. ಒಳಗಿದ್ದರೂ ಕೇಳಿಸಿತು.

ಐದನೆಯ ದಿನ ರುದ್ರಪ್ಪ ಎರಡು ಕಡಸುಗಳನ್ನು ಹೊಡೆದುಕೊಂಡು ನಗುತ್ತಾ ಬಂದ. ಕಾಲು ತೊಳೆಯದೆ ನೇರ ಕೊಟ್ಟಿಗೆಗೆ ಹೋದ. ಹೋರಿ ಹಿಂಗಾಲು ಅಗಲಿಸಿ ನಿಂತಿತ್ತು. ಅವನು ಅದರ ಬೆನ್ನ ಮೇಲೆ ಕೈಯಿಟ್ಟು, ಬಗ್ಗಿ ಹಿಂಗಾಲಿನ ನಡುವೆ ನೋಡಿದ.

"ಯಾರು ಹಿಡಿದುಕೊಟ್ಟಿದ್ದು?"

ಕಾಟಪ್ಪ ಅಲ್ಲೇ ಹುಲ್ಲು ಹಾಕುತ್ತಿದ್ದ. ನಾನು ಬಾಯಿಬಿಟ್ಟೆ. "ಕಾಟಪ್ಪ ತಪ್ಪಿ ಹಿಡಿದ. ನಾನು ಒಳಗಿದ್ದೆ."

ಕಾಟಪ್ಪ ನನ್ನನ್ನು ಒಂದೇ ಒಂದು ಸಲ ನೋಡಿದ. "ಹೌದು ಗೌಡ್ರೆ. ನಂದೇ ತಪ್ಪು" ಅಂದ.

ರುದ್ರಪ್ಪ ಬೈಯಲಿಲ್ಲ. ಒಂದು ವಾರದಲ್ಲಿ ಕಾಟಪ್ಪ ತಾನಾಗಿಯೇ ಕಂಬಳಿ ಹೆಗಲಿಗೆ ಹಾಕಿಕೊಂಡು ತುರುವನೂರಿನ ಮಗಳ ಮನೆಗೆ ಹೊರಟುಹೋದ. ಆ ಸಂಜೆ ನಾವಿಬ್ಬರೂ ಬೆನ್ನಿಗೆ ಬೆನ್ನು ಹಾಕಿ ಹಾಲು ಕರೆಯುತ್ತಿದ್ದೆವು. ಕಾಟಪ್ಪನ ಪಾಲಿನ ಹಸುಗಳನ್ನು ಈಗ ರುದ್ರಪ್ಪ ಕರೆಯಬೇಕಾಗಿತ್ತು. ತಿರುಗಿ ನೋಡದೆ ಅಂದ:

"ಕಾಟಪ್ಪ ದನ ತಪ್ಪಿ ಹಿಡಿಯೋನಲ್ಲ ಅಕ್ಕ."

ನಾನು ಹೇಳಬಹುದಾಗಿತ್ತು. ಚೆಂಬು ತುಂಬಿತೆಂದು ಎದ್ದು ಮುಂದಿನ ಹಸುವಿನ ಹತ್ತಿರ ಹೋದೆ. ಅವನೂ ಮತ್ತೆ ಕೇಳಲಿಲ್ಲ.

ಅಲ್ಲಿಂದ ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದೆವು. ಮಾತು ನಿಲ್ಲಲಿಲ್ಲ. ಯಾವ ಹಸು ಬೆದೆಗೆ ಬಂತು, ಯಾವುದು ಮೇವು ಬಿಟ್ಟಿದೆ, ಹಿಂಡಿ ಎಷ್ಟು ಉಳಿದಿದೆ ಎಂದೆಲ್ಲ ಮಾತಾಡುತ್ತಿದ್ದೆವು. ದನದ ಮಾತು ಮುಗಿದರೆ ಅವನು ಜಗಲಿಗೆ ಹೋಗುತ್ತಿದ್ದ, ನಾನು ಒಲೆಯ ಮುಂದೆ ಕೂರುತ್ತಿದ್ದೆ. ಬೇರೆ ಊರಿನ ಹೋರಿ ತಂದು ಹಿಂಡನ್ನು ಮತ್ತೆ ಕಟ್ಟಿದ. ಚಿತ್ರದುರ್ಗದಿಂದ ವೆಟರ್ನರಿ ಇನ್‌ಸ್ಪೆಕ್ಟರ್ ಒಬ್ಬರು ಬಂದು ಬಹಳ ಮೆಚ್ಚಿಕೊಂಡರು. ಊರವರಿಂದ ಹೆಸರು ಕೇಳಿದ್ದ ಅವರು ಗೌರಿ ಸಾಲು ಯಾವುದು ಎಂದಾಗ "ಅದು ನಿಂತುಹೋತು ಸ್ವಾಮಿ" ಅಂದ ರುದ್ರಪ್ಪ. ಬಾಗಿಲ ಹಿಂದೆ ಮಜ್ಜಿಗೆ ಹಿಡಿದು ನಿಂತಿದ್ದ ನನಗೆ ಅದು ಕೇಳಿಸಿತು.

ಎತ್ತಾದ ಗೌರಿ ಮಗನನ್ನು ಅವನು ಮಾರಲಿಲ್ಲ. ಅದು ಹನ್ನೊಂದು ವರ್ಷ ಕಪಿಲೆ ಬಾವಿಯಲ್ಲಿ ನೀರೆಳೆಯಿತು. ಅಂಥ ಎತ್ತು ಸುತ್ತಮುತ್ತ ಇರಲಿಲ್ಲ. ಅದು ಇದ್ದಷ್ಟು ದಿನ ಮನೆಗೆ ಒಂದು ಕೆಡುಕೂ ಬರಲಿಲ್ಲ. ಅದು ಸತ್ತು ಒಂದು ವರ್ಷದ ಮೇಲೆ ರುದ್ರಪ್ಪ ಹೊಟ್ಟೆನೋವಿನಿಂದ ಮಲಗಿದವನು ನಾಲ್ಕೇ ದಿನದಲ್ಲಿ ಹೋಗಿಬಿಟ್ಟ. ನಾಲ್ಕು ದಿನವೂ ಪಕ್ಕದಲ್ಲಿದ್ದೆ. ಹಾಗಿದ್ದೂ ಹೇಳಲಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಗಾಡಿ ಕಟ್ಟಿಸಿ ತುರುವನೂರಿಗೆ ಹೋದೆ. ಕಾಟಪ್ಪನಿಗೆ ಕಣ್ಣು ಮಂಜಾಗಿತ್ತು. ದನಿಯಿಂದಲೇ ಗುರುತು ಹಿಡಿದ.

"ಬರ್ರಿ ಅಕ್ಕಾರೆ, ಕುಂತ್ಕಳ್ರಿ. ಹಸ ಬಿಟ್ಟು ಬಂದ್ರಾ? ಹಾಲು ಯಾರು ಕರೀತಾರೆ?"

ಅವನ ಕಾಲ ಹತ್ತಿರ ಕುಳಿತು, ಹೇಳಬೇಕಾದದ್ದನ್ನು ಹೇಳಿದೆ. ಅವನು ಗಲಿಬಿಲಿಗೊಂಡು ಕಾಲು ಹಿಂದಕ್ಕೆ ಎಳೆದುಕೊಂಡ.

"ಗೌಡ್ರಿಗೆ ಗೊತ್ತಿತ್ತು ಅಕ್ಕಾರೆ. ನಾ ಹೊಂಟ ದಿನ ಊರಾಚೆ ತನ್ಕ ಬಂದು, ಯಾಕ್ ನಿನ್ ತಲೆ ಮೇಲೆ ಹಾಕ್ಕಂಡೆ ಅಂತ ಕೇಳಿದ್ರು. ಹೋರಿ ಅಂತೂ ಹೋತು, ಇರೋ ಒಬ್ಳು ಅಕ್ಕನ್ನೂ ಕಳ್ಕಬ್ಯಾಡ್ರಿ ಅಂದೆ."

"ಅದಕ್ಕೆ ಏನಂದ?"

"ಅಕ್ಕನೇ ಹೇಳ್ತಾಳೆ ಒಂದಿನ, ಕಾಯ್ತೀನಿ ಅಂದ್ರು. ಹೇಳಿದ ದಿನ ನಿನ್ನನ್ನ ವಾಪಸ್ ಕರ್ಕಂಡು ಬರ್ತೀನಿ ಅಂದ್ರು."

ಹದಿಮೂರು ವರ್ಷ ಅವನು ಕಾದ. ಇವನೂ ಇಲ್ಲಿ ಕೂತು ಕಾದಿದ್ದ.

ಈಗ ನನ್ನ ಹತ್ತಿರ ಒಂಬತ್ತು ಹಸುಗಳಿವೆ. ಹಾಲು ಕರೆಯಲು ಕಲಿಯಬೇಕೆಂದು ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಬರುತ್ತಾರೆ. ಸುಳಿ ನೋಡುವುದನ್ನು ನಾನು ಅವರಿಗೆ ಕಲಿಸುವುದಿಲ್ಲ. ದನದ ಕೆಲಸದಲ್ಲಿ ಏನು ಕೆಟ್ಟರೂ ಅವತ್ತಿನ ದಿನವೇ ಹೇಳಿಬಿಡಬೇಕು, ದನ ಉಳಿಯದಿದ್ದರೂ ಮನುಷ್ಯರು ಉಳಿಯುತ್ತಾರೆ ಎಂದು ಮಾತ್ರ ಹೇಳುತ್ತೇನೆ. ಚೆಲ್ಲಿದ ಹಾಲಿನ ವಿಷಯವನ್ನೇ ನಾನು ಹೇಳುತ್ತಿದ್ದೇನೆಂದುಕೊಂಡು ಅವರು ತಲೆಯಾಡಿಸುತ್ತಾರೆ.