ತಲೆಕೆಳಗಾದವನ ಎಲೆ

ತಿಪಟೂರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ನನ್ನ ತಂಗಿಯ ಮಗಳು ಹುಬ್ಬು ತೀಡಿಸಿಕೊಳ್ಳಲು ಬಂದವರಿಗೆ ಟ್ಯಾರೋ ಎಲೆ ಹಾಕಿ ಭವಿಷ್ಯವನ್ನೂ ಹೇಳುತ್ತಾಳೆ. ಹೋದ ವರ್ಷ ಮಂಡಿನೋವೆಂದು ನಾನು ಮನೆಯಲ್ಲೇ ಕೂತಿದ್ದಾಗ, ಬಿಳಿಗೆರೆ ಪಕ್ಕದ ನಮ್ಮ ತೋಟದ ಮನೆಗೆ ಬಂದು ಒಂದು ಕಟ್ಟು ಎಲೆ ಕೈಗಿಟ್ಟಳು. ಇಸ್ಪೀಟಿಗಿಂತ ದೊಡ್ಡವು, ಒಟ್ಟು ಎಪ್ಪತ್ತೆಂಟು, ಒಂದೊಂದರಲ್ಲೂ ಒಂದೊಂದು ಚಿತ್ರ. ಪುಸ್ತಕದ ಅರ್ಥ ಬಾಯಿಪಾಠ ಮಾಡಬೇಡಿ, ಪ್ರತಿ ಎಲೆಗೂ ನಿಮ್ಮ ಬದುಕಿನಲ್ಲೇ ನಡೆದ ಒಂದು ಸಂಗತಿ ಹುಡುಕಿ ಬರೆದಿಡಿ, ಅದೇ ಅದರ ಅರ್ಥ ಎಂದಳು. ನಿಮ್ಮ ದೊಡ್ಡಮ್ಮನಿಗೆ ಎಲೆ ಕೊಡುವುದಾದರೆ ಅಡಿಕೆ ಸಮೇತ ಕೊಡು ಎಂದು ನನ್ನ ಗಂಡ ನಕ್ಕರು.

ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಮನೆಗೆ ಬಂದ ಜೋಯಿಸರನ್ನೇ ನಾಲ್ಕು ಪ್ರಶ್ನೆ ಕೇಳಿ ಎಬ್ಬಿಸಿ ಕಳಿಸಿದವಳು ನಾನು. ಆದರೆ ಚಿತ್ರ ನೋಡಿ ನೆನಪು ಹುಡುಕುವ ಈ ಆಟ ಹಿಡಿಸಿತು. ಗೋಪುರ ಮುರಿದು ಜನ ಕೆಳಗೆ ಬೀಳುತ್ತಿರುವ ಎಲೆಗೆ ನಮ್ಮ ಅಟ್ಟ ಕುಸಿದದ್ದನ್ನು ಬರೆದೆ. ಕೊಬ್ಬರಿಯಾಗಲೆಂದು ಅಟ್ಟದ ತುಂಬ ಹಾಕಿದ್ದ ಕಾಯಿ ಒಂದು ಬೆಳಿಗ್ಗೆ ತೊಲೆ ಮುರಿದು ನಡುಮನೆಗೆ ಸುರಿದಾಗ, ನಮ್ಮತ್ತೆ ಮೊದಲು ಕಾಯಿ ಒಡೆದವೇ ಎಂದು ನೋಡಿ ಆಮೇಲೆ ಕೆಳಗೆ ಮಲಗಿದ್ದ ಮಗನನ್ನು ನೋಡಿದರು. ಕತ್ತಿ ಹಿಡಿದು ಕೂತ ರಾಣಿಯ ಎಲೆಗೂ ಅತ್ತೆಯನ್ನೇ ಬರೆದೆ.

ಮುಗಿಲು ನೋಡುತ್ತಾ ಬಂಡೆಯ ಅಂಚಿನಲ್ಲಿ ಹೆಜ್ಜೆ ಎತ್ತಿರುವ ಪೆದ್ದನ ಎಲೆ ಮಾತ್ರ ನಾನೇ. ನಾನು ರಾಗಿ ಹೊಲದ ಊರಿನವಳು. ಮದುವೆಯಾಗಿ ಬಂದ ಹೊಸತರಲ್ಲಿ ತೋಟದೊಳಗೆ ‘ದೂರಾ’ ಎಂಬ ಕೂಗು ಕೇಳಿ, ಯಾರಿರಬಹುದೆಂದು ಕತ್ತೆತ್ತಿಕೊಂಡು ಮರದ ಬುಡಕ್ಕೇ ನಡೆದಿದ್ದೆ. ಅತ್ತೆ ಜಡೆ ಹಿಡಿದು ಹಿಂದಕ್ಕೆ ಎಳೆದರು. ನಾನು ನಿಂತಿದ್ದ ಜಾಗಕ್ಕೆ ಒಂದು ಗೊನೆ ಬಿತ್ತು. ಕಾಯಿ ಕೀಳುವವನು ಗೊನೆ ಕಡಿಯುವ ಮೊದಲು ಹಾಗೆ ಕೂಗುತ್ತಾನೆ, ಕೂಗು ಕೇಳಿದರೆ ಮೇಲೆ ನೋಡಬಾರದು, ಯಾಕೆ ಅನ್ನಬಾರದು, ಒಳಗೆ ಹೋಗಬೇಕು ಎಂದು ಅವತ್ತೇ ಕಲಿಸಿದರು. ನಾನು ಅದನ್ನು ಚೆನ್ನಾಗಿಯೇ ಕಲಿತೆ.

ಹನ್ನೆರಡನೆಯ ಎಲೆ ತೆಗೆದ ಮಧ್ಯಾಹ್ನ ಆಟ ನಿಂತಿತು. ಅದರಲ್ಲಿ ಒಬ್ಬ ಗಂಡಸು ಒಂದು ಕಾಲಿನಿಂದ ಮರಕ್ಕೆ ತಲೆಕೆಳಗಾಗಿ ನೇತುಬಿದ್ದಿದ್ದಾನೆ. ಇನ್ನೊಂದು ಕಾಲು ಮಂಡಿಯ ಹತ್ತಿರ ಮಡಚಿದೆ. ಮುಖದಲ್ಲಿ ನೋವಿಲ್ಲ. ನಾನು ಅವನನ್ನು ಕಣ್ಣಾರೆ ನೋಡಿದ್ದೆ, ಎಂಟು ವರ್ಷದ ಹಿಂದೆ, ನಮ್ಮ ಹಿತ್ತಿಲಲ್ಲೇ.

ನಮ್ಮಲ್ಲಿಗೆ ಕಾಯಿ ಕೀಳಲು ಬರುತ್ತಿದ್ದವನು ನಮ್ಮೂರಿನವನೇ, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಆ ವರ್ಷ ಮರ ಹತ್ತುವ ಮೆಷಿನ್ ತಂದಿದ್ದ. ಎರಡು ಕಬ್ಬಿಣದ ಮೆಟ್ಟಿಲಿಗೆ ಪಾದ ಸಿಕ್ಕಿಸಿ, ಮರ ಸುತ್ತಿದ ತಂತಿಯನ್ನು ಮೇಲಕ್ಕೆ ಜರುಗಿಸುತ್ತಾ ಹತ್ತಬೇಕು. ಹನ್ನೊಂದು ಗಂಟೆಯ ಹೊತ್ತಿಗೆ ಹಿತ್ತಿಲ ಮರ ಹತ್ತಿದ. ಗಂಡ ಪೇಟೆಗೆ ಹೋಗಿದ್ದರು. ನಾನು ಕರುವಿನ ಮೈ ತೊಳೆಯುತ್ತಿದ್ದೆ. ‘ದೂರಾ’ ಎಂಬ ಕೂಗು ಕೇಳಿತು. ಮೇಲೆ ನೋಡದೆ ಕರುವನ್ನು ಎಳೆದುಕೊಂಡು ಹೋಗಿ ಕೊಟ್ಟಿಗೆಯಲ್ಲಿ ಕಟ್ಟಿ, ಒಳಗೆ ಹೋಗಿ ಹಿತ್ತಿಲ ಬಾಗಿಲು ಹಾಕಿದೆ. ಇನ್ನೊಮ್ಮೆ ಕೂಗಿದ. ಮತ್ತೂ ಒಮ್ಮೆ ಕೂಗಿದ. ಕೂಗಾದ ಮೇಲೆ ಗೊನೆ ಬಿದ್ದು ನೆಲ ಅದುರಬೇಕು. ಅದುರಲಿಲ್ಲ. ಅದುರಲಿಲ್ಲ ಎಂಬುದು ನನ್ನ ಗಮನಕ್ಕೂ ಬಂತು. ಒಳಗೆ ಬಂದಾಯಿತಲ್ಲ, ಇನ್ನೇನು ಇವನದು ಎಂದು ಸಿಡುಕಿಕೊಂಡು, ಸಾರಿಗೆ ಖಾರ ರುಬ್ಬಲು ಮಿಕ್ಸಿ ಹಾಕಿದೆ.

ಮುಕ್ಕಾಲು ಗಂಟೆ ಬಿಟ್ಟು, ಊಟಕ್ಕೆ ಕರೆಯೋಣವೆಂದು ಬಾಗಿಲು ತೆಗೆದೆ. ಅವನು ಆ ಎಲೆಯಲ್ಲಿರುವ ಹಾಗೆಯೇ ಇದ್ದ. ಮರದ ಅರ್ಧದಲ್ಲಿ ತಂತಿ ಜಾರಿ ಹಿಂದಕ್ಕೆ ಬಿದ್ದು, ಒಂದು ಪಾದ ಮೆಷಿನ್ನಿನಲ್ಲಿ ಸಿಕ್ಕಿಕೊಂಡಿತ್ತು. ಕಣ್ಣು ತೆರೆದಿದ್ದವು. ನನ್ನನ್ನು ನೋಡಿದ, ಮಾತಾಡಲಿಲ್ಲ. ನಾನು ಕಿರುಚಿದ್ದಕ್ಕೆ ಪಕ್ಕದ ತೋಟದವರು ಏಣಿ, ಹಗ್ಗ ತಂದು ಇಳಿಸಿದರು. ಅವನ ಜೀವ ಉಳಿಯಿತು, ಆ ಪಾದಕ್ಕೆ ಮಾತ್ರ ಮತ್ತೆ ಜೀವ ಬರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳುವ ಮೊದಲೇ ನಾನೇ, ಮಿಕ್ಸಿ ಓಡುತ್ತಿತ್ತು, ಏನೂ ಕೇಳಿಸಲಿಲ್ಲ ಎಂದೆ. ಎಲ್ಲರೂ ನಂಬಿದರು. ಪಾಪ, ನೀನಾದರೂ ಏನು ಮಾಡುತ್ತೀಯೆಂದು ಸಮಾಧಾನ ಹೇಳಿದರು. ಅವನ ಹೆಂಡತಿಯಂತೂ ದಾರಿಯಲ್ಲಿ ಸಿಕ್ಕಾಗಲೆಲ್ಲ, ನೀವು ಬಾಗಿಲು ತೆಗೆಯದೆ ಹೋಗಿದ್ದರೆ ನನ್ನ ಗಂಡ ಉಳಿಯುತ್ತಿರಲಿಲ್ಲ ಎಂದು ಕೈ ಮುಗಿಯುತ್ತಿದ್ದಳು. ಅವಳು ದೂರದಲ್ಲಿ ಕಂಡರೆ ನಾನು ಬೇರೆ ದಾರಿ ಹಿಡಿಯತೊಡಗಿದೆ.

ಅವತ್ತಿನಿಂದ ಯಾವ ತೋಟದಲ್ಲಿ ಕೂಗಿದರೂ ಉಸಿರು ಹಿಡಿದು ಕಾಯುತ್ತೇನೆ. ಗೊನೆ ಬಿದ್ದ ಸದ್ದಾದರೆ ಉಸಿರು ಬಿಡುತ್ತೇನೆ. ಕೆಲವು ಸಲ ಸದ್ದಾಗುವುದೇ ಇಲ್ಲ. ಮಾಡುತ್ತಿದ್ದ ಕೆಲಸ ಬಿಟ್ಟು ಹೋಗಿ ಒಂದೊಂದೇ ಮರದ ತುದಿ ನೋಡುತ್ತೇನೆ. ಗಂಡನನ್ನು ಕೇಳಿದರೆ, ಇವತ್ತು ಎಲ್ಲೂ ಕಾಯಿ ಕೀಳುತ್ತಿಲ್ಲ ಕಣೇ, ಯಾರೂ ಕೂಗಿಲ್ಲ ಅನ್ನುತ್ತಾರೆ. ಹಾಗಾದರೆ ನನಗೆ ಕೇಳಿಸಿದ್ದು ಏನು ಎಂದು ನಾನು ಮುಂದೆ ಕೇಳುವುದಿಲ್ಲ. ಕೇಳಲು ಹೆದರಿಕೆ.

ತಂಗಿಯ ಮಗಳಿಗೆ ಫೋನ್ ಮಾಡಿ ಆ ಎಲೆಗೆ ಪುಸ್ತಕದಲ್ಲಿ ಏನಿದೆ ಎಂದು ಕೇಳಿದೆ. ತಾಳ್ಮೆ, ಹಿಡಿದದ್ದನ್ನು ಬಿಡುವುದು, ಲೋಕವನ್ನು ಇನ್ನೊಂದು ಕಡೆಯಿಂದ ನೋಡುವುದು, ತುಂಬ ಒಳ್ಳೆಯ ಎಲೆ ದೊಡ್ಡಮ್ಮ ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇದನ್ನು ಬರೆದವರು ಒಂದು ಗಳಿಗೆ ಹಾಗೆ ನೇತಾಡಿ ನೋಡಲಿ ಎಂದು ಫೋನ್ ಇಟ್ಟೆ. ಮೂರು ವಾರ ಮುಂದಿನ ಎಲೆ ತೆಗೆಯಲಾಗಲಿಲ್ಲ. ಸುಳ್ಳು ಬರೆಯಲು ಮನಸ್ಸಿಲ್ಲ, ನಿಜ ಬರೆಯಬೇಕೆಂದರೆ ಅದನ್ನು ಮೊದಲು ಅವನಿಗೆ ಹೇಳಬೇಕು. ಅವನು ಶಾಪ ಹಾಕಿದರೆ ಹಾಕಿಸಿಕೊಳ್ಳುವುದು ಎಂದುಕೊಂಡು ಒಂದು ಬೆಳಿಗ್ಗೆ ಹೋದೆ.

ಅವನು ಜಗಲಿಯಲ್ಲಿ ಕಾಲು ಚಾಚಿಕೊಂಡು, ಪೊರಕೆ ಕಟ್ಟಲು ತೆಂಗಿನ ಗರಿಯಿಂದ ಕಡ್ಡಿ ಹೆರೆಯುತ್ತಿದ್ದ. ಹೆಂಡತಿ ಕಾಫಿ ಮಾಡಲು ಒಳಗೆ ಹೋದಳು. ಅವಳು ಬರುವುದರೊಳಗೆ ಹೇಳಿಬಿಡಬೇಕೆಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕೂಗು ಕೇಳಿತ್ತು, ಮೂರು ಸಲವೂ ಕೇಳಿತ್ತು, ಮಿಕ್ಸಿ ಹಾಕಿದ್ದು ಆಮೇಲೆ ಎಂದೆ.

“ಗೊತ್ತು ಕಣಕ್ಕ,” ಅಂದ. “ನೀವು ಕರ ಎಳ್ಕಂಡೋಗಿದ್ದು, ಬಾಗ್ಲಾಕಿದ್ದು ಎಲ್ಲಾ ಕಾಣ್ತಿತ್ತು. ತಲೆಕೆಳಗಾದ್ರೆ ಕಣ್ಣೇನು ಹೋಗಲ್ವಲ್ಲ.”

ಮತ್ತೆ ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಏನಂತ ಹೇಳ್ಲಿ? ಬನ್ನಿ ಅಂತ ಕೂಗಬೇಕು ಅನ್ಕಂಡೆ, ಬಾಯಿಗೆ ಬಂದಿದ್ದು ದೂರಾ ಅಂತ್ಲೇ. ಮರದ ಮ್ಯಾಲೆ ಬ್ಯಾರೆ ಮಾತು ಕೂಗಿ ರೂಢಿ ಇಲ್ಲ. ನಾನು ದೂರ ಹೋಗಿ ಅಂದೆ, ನೀವು ಹೋದ್ರಿ. ನಿಮ್ದೇನು ತಪ್ಪು, ಬುಡಿ.”

ನನಗೆ ಅಳು ಬಂತು. ಎಂಟು ವರ್ಷದ ಭಾರ ಇಳಿಯಿತು ಅಂದುಕೊಂಡೆ. ಅಲ್ಲಿಗೆ ಎದ್ದು ಬರಬೇಕಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ನಾನು ಬಾಗಿಲು ತೆಗೆದಾಗ ನೀನು ಒಂದು ಮಾತೂ ಆಡಲಿಲ್ಲವಲ್ಲ, ಮುಖದಲ್ಲಿ ನೋವು ಕೂಡ ಇರಲಿಲ್ಲವಲ್ಲ, ಯಾಕೆ ಎಂದು ಕೇಳಿದೆ. ಅವನು ಕೈಯಲ್ಲಿದ್ದ ಕಡ್ಡಿಯನ್ನು ಹೆರೆದು ಮುಗಿಸಿ ಪಕ್ಕಕ್ಕಿಟ್ಟ.

“ಮಿಕ್ಸಿ ಸದ್ದು ಬಂತಲ್ಲಕ್ಕ, ಇನ್ನು ಯಾರೂ ಬರಲ್ಲ ಅಂತ ಗೊತ್ತಾಯ್ತು,” ಅಂದ. “ಅಲ್ಲಿಗೆ ಕೂಗೋದು ಬುಟ್ಟೆ. ಆಮ್ಯಾಕೆ ನೋವೇ ಆಗ್ಲಿಲ್ಲ.”