ಬಾಳೆಕಂದು ಕಟ್ಟಿಕೊಂಡು ಬಂದ ಫೈರ್ ಇಂಜಿನ್

ಆಗ ಬೆಂಗಳೂರು ಅಂದರೆ ಎರಡು ಊರು. ಈ ಕಡೆ ಪೇಟೆ, ಆ ಕಡೆ ದಂಡು, ಅಂದರೆ ಕಂಟೋನ್ಮೆಂಟು. ಎರಡಕ್ಕೂ ಬೇರೆ ಮುನಿಸಿಪಾಲಿಟಿ, ಬೇರೆ ಫೈರ್ ಸ್ಟೇಷನ್. ಐವತ್ತರ ದಶಕದ ಮೊದಲಲ್ಲಿ ಎರಡೂ ಸ್ಟೇಷನ್ನುಗಳನ್ನು ಒಂದೇ ಇಲಾಖೆ ಮಾಡಿದಾಗ ನಮ್ಮ ಯಜಮಾನರಿಗೆ ಊಟವೇ ಸೇರದಂತಾಯಿತು. ಅವರು ಪೇಟೆ ಕಡೆಯ ಹಳೇ ಫೈರ್‌ಮ್ಯಾನ್. ಅವರ ಗಾಡಿಗೆ ದಂಡಿನಿಂದ ಒಬ್ಬ ಡ್ರೈವರನ್ನು ಹಾಕಿದ್ದರು. ತಮಿಳು ಮಾತಾಡುವವನು, ಚರ್ಚಿಗೆ ಹೋಗುವವನು. "ದಂಡಿನವನು ಗಾಡಿ ಓಡ್ಸೋದು ನೋಡ್ಬೇಕು ನೀನು, ದಿಬ್ಬಣ ಹೊರಟಂಗೆ" ಎಂದು ದಿನಾ ತಟ್ಟೆ ಮುಂದೆ ಗೊಣಗುತ್ತಿದ್ದರು. ಹೊಸದಾಗಿ ಬಂದವರಲ್ಲಿ ಎಷ್ಟು ತಪ್ಪು ಹುಡುಕಬಹುದು ಎಂಬುದು ಸೊಸೆಯಾಗಿ ಬಂದ ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಇನ್ನೊಂದು ಸೌಟು ಸಾರು ಬಡಿಸುತ್ತಿದ್ದೆ.

ಆ ವರ್ಷದ ಆಯುಧಪೂಜೆ ಬಂತು. ಪೇಟೆ ಸ್ಟೇಷನ್ನಿನಲ್ಲಿ ಒಂದು ಪದ್ಧತಿಯಿತ್ತು. ಗಾಡಿ, ಏಣಿ, ಪೈಪು, ಕೊಡಲಿ ಎಲ್ಲವನ್ನೂ ತೊಳೆದು ಪೂಜೆಗಿಟ್ಟರೆ ಮಾರನೇ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅಷ್ಟರಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ? ದಂಡಿನವರು ಹೋಗುತ್ತಿದ್ದರು. ಅವರ ಕ್ರಿಸ್‌ಮಸ್ಸಿಗೆ ನಮ್ಮವರು. ಯಾರೂ ಬರೆದಿಟ್ಟ ಒಪ್ಪಂದವಲ್ಲ, ನೆರೆಮನೆಯವರು ಮೊಸರಿಗೆ ಹೆಪ್ಪು ಕೊಟ್ಟು ತೆಗೆದುಕೊಂಡ ಹಾಗೆ ನಡೆದುಕೊಂಡು ಬಂದಿತ್ತು. ಈ ಸಲ ಎಲ್ಲರೂ ಒಂದೇ ಆದ್ದರಿಂದ ಎರಡೂ ಕಡೆಯ ಗಾಡಿಗಳನ್ನು ಒಂದೇ ಅಂಗಳದಲ್ಲಿ ನಿಲ್ಲಿಸಿ ಪೂಜೆ ಮಾಡುವುದೆಂದಾಯಿತು. ನಮ್ಮವರು ಬೆಳಿಗ್ಗೆಯೇ ಮಡಿಪಂಚೆ ಮಡಿಸಿಟ್ಟುಕೊಂಡು ಹಿಗ್ಗಿನಿಂದ ಹೊರಟರು.

ನಮ್ಮ ಮನೆ ಜಯನಗರದ ಅಂಚಿನಲ್ಲಿತ್ತು. ಬಡಾವಣೆ ಇನ್ನೂ ಏಳುತ್ತಿತ್ತು, ರಸ್ತೆ ಬರುವ ಕಡೆ ಬರೀ ಕಲ್ಲು ನೆಟ್ಟಿದ್ದರು. ನಾವು ಕಟ್ಟಿದ ಹೊಸ ಮನೆಗೆ ಇನ್ನೂ ವರ್ಷ ತುಂಬಿರಲಿಲ್ಲ. ನಾಡಹೆಂಚಿನ ಮಾಡು, ಮುಂದೆ ತೆಂಗಿನ ಗರಿಯ ಚಪ್ಪರ. ಪಕ್ಕದಲ್ಲಿ ಹಳೇ ಊರಿನ ಒಕ್ಕಲು ಮನೆ, ಅವರ ಹಿತ್ತಲಲ್ಲಿ ಹೋದ ವರ್ಷದ ರಾಗಿಹುಲ್ಲಿನ ಮೆದೆ. ಅವರು ನೇಗಿಲು, ಕುಡುಗೋಲು ಜೋಡಿಸಿ, ಆ ಮೆದೆಯ ಬುಡದಲ್ಲೇ ಕರ್ಪೂರ ಹಚ್ಚಿದರು. ಬಯಲುಗಾಳಿ ಬೀಸುತ್ತಿತ್ತು. ನೋಡನೋಡುತ್ತ ಮೆದೆ ಭಗ್ ಎಂದಿತು.

ಬಡಾವಣೆಯ ಕಚೇರಿಯಲ್ಲಿ ಫೋನಿತ್ತು. ಪಕ್ಕದ ಮನೆಯ ಯಜಮಾನರು ಅತ್ತ ಓಡಿದರು. ಉಳಿದವರು ಬಾವಿಯಿಂದ ನೀರು ಸೇದಿ, ಗೋಣಿತಾಟು ನೆನೆಸಿ ನಮ್ಮ ಚಪ್ಪರದ ಮೇಲೆಸೆಯತೊಡಗಿದೆವು. ಕಿಡಿ ಹಾರಿ ಬಂದು ಬೀಳುತ್ತಲೇ ಇತ್ತು. ನಮ್ಮತ್ತೆ ಮಾತ್ರ ಹೊಸ್ತಿಲ ಮೇಲೆ ಗಟ್ಟಿಯಾಗಿ ಕೂತುಬಿಟ್ಟರು.

"ಅತ್ತೆ, ಏಳಿ, ಆಚೆ ಬನ್ನಿ!"

"ಯಾಕೇ ಹಂಗೆ ಕಿರುಚ್ತೀಯ? ನನ್ ಮಗ ಗಾಡಿ ತಗೊಂಡು ಬರ್ತಾನೆ."

ಬರುವುದಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಅತ್ತೆಗೆ ಹೇಗೆ ಹೇಳಲಿ, ನಿಮ್ಮ ಮಗ ಊರಿನ ಗಾಡಿಗಳನ್ನೆಲ್ಲ ದೇವರ ಮುಂದೆ ಕೂರಿಸಿಕೊಂಡಿದ್ದಾರೆ ಅಂತ? ಆ ಗಳಿಗೆಯಲ್ಲಿ ನನ್ನ ಗಂಡನ ಮೇಲೆ, ಅವರ ಮಡಿಪಂಚೆಯ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಚಪ್ಪರದ ಒಂದು ಮೂಲೆ ಹತ್ತಿಕೊಂಡೇಬಿಟ್ಟಿತು. ನಾನು ಅತ್ತೆಯ ರಟ್ಟೆ ಹಿಡಿದು ಎಳೆದೆ. ಅವರು ಕಂಬ ತಬ್ಬಿಕೊಂಡರು.

ಆಗ ಗಂಟೆ ಕೇಳಿಸಿತು. ಧೂಳಿನ ಮಧ್ಯೆ ಕೆಂಪು ಗಾಡಿ ಬರುತ್ತಿತ್ತು. ಎರಡೂ ಕಡೆ ಬಾಳೆಕಂದು ಓಲಾಡುತ್ತಿದ್ದವು, ಮೂತಿಯ ಮೇಲೆ ಚೆಂಡುಹೂವಿನ ಹಾರ, ಗಾಜಿಗೆಲ್ಲ ಕುಂಕುಮ. ದಿಬ್ಬಣವೂ ಅಲ್ಲ ಏನೂ ಅಲ್ಲ, ಹಳ್ಳ ದಿಣ್ಣೆ ಲೆಕ್ಕಿಸದೆ ಹಾರಿಕೊಂಡು ಬಂತು. ಡ್ರೈವರ್ ಪಕ್ಕದಲ್ಲಿ ನಮ್ಮವರು. ಮೈಮೇಲೆ ಅಂಗಿಯಿಲ್ಲ, ಹಣೆ ತುಂಬ ವಿಭೂತಿ. ಮಡಿಪಂಚೆಯನ್ನು ಮೇಲಕ್ಕೆ ಕಟ್ಟಿ ಬರಿಗಾಲಲ್ಲೇ ಧುಮುಕಿ ಪೈಪು ಎಳೆದರು. ಚಪ್ಪರ ಕಿತ್ತು ಕೆಡವಿದರು, ಮೆದೆಗೆ ನೀರು ಹೊಡೆದರು. ಹೆಂಚಿನವರೆಗೆ ಉರಿ ಏರಲಿಲ್ಲ. ಮನೆ ಉಳಿಯಿತು. ನಾನು ಆ ಕೆಸರಿನಲ್ಲೇ ಕುಸಿದು ಕೂತು, ಯಾರು ನೋಡುತ್ತಾರೆಂಬ ನಾಚಿಕೆಯೂ ಇಲ್ಲದೆ ಗೊಳೋ ಎಂದು ಅತ್ತುಬಿಟ್ಟೆ. ಎಷ್ಟು ಹಗುರವಾಯಿತೆಂದರೆ, ಅಳುತ್ತಲೇ ನಗು ಬಂತು.

ಸ್ಟೇಷನ್ನಿನಲ್ಲಿ ನಡೆದದ್ದನ್ನು ಅಲ್ಲೇ ಇನ್ನೊಬ್ಬ ಫೈರ್‌ಮ್ಯಾನ್ ಹೇಳಿದ. ಮಂಗಳಾರತಿಗೆ ಮುಂಚೆಯೇ ಫೋನು ಬಂದಿತಂತೆ. ಪೇಟೆಯವರು ದಂಡಿನವರ ಮುಖ ನೋಡಿದರಂತೆ, ದಂಡಿನವರು ತಮ್ಮ ಗಾಡಿಯ ಹಾರ ನೋಡಿದರಂತೆ. ಜಾಗದ ಹೆಸರು ಕೇಳಿಯೂ ನಮ್ಮವರು ಆರತಿತಟ್ಟೆ ಹಿಡಿದು ಕಲ್ಲಿನ ಹಾಗೆ ನಿಂತಿದ್ದರಂತೆ. ಪೂಜೆಗಿಟ್ಟದ್ದನ್ನು ಮುಟ್ಟಲು ಕೈಯೇ ಬರಲಿಲ್ಲ. ಆಗ ಆ ದಂಡಿನ ಡ್ರೈವರ್ ಗಾಡಿ ಹತ್ತಿ, "ಅಣ್ಣ, ಆ ಕಡೆಯೋರು ಹೋಗ್ತಾರೆ ಅನ್ನೋಕೆ ಇನ್ನು ಆ ಕಡೆ ಎಲ್ಲಿದೆ? ಎಲ್ಲಾ ನಾವೇ. ಹತ್ತಿ ಅಣ್ಣ, ಪಾಪ ಬಂದ್ರೆ ನನಗೆ ಬರ್ಲಿ" ಎಂದು ಚಕ್ರದಡಿಯ ನಿಂಬೆಹಣ್ಣು ಜಜ್ಜಿಕೊಂಡೇ ಹೊರಟನಂತೆ.

ಅತ್ತೆ ಎದ್ದು ಒಳಗೆ ಹೋದರು. ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಬಂದಾಗ ಒಬ್ಬ ಗಾಬರಿಯಿಂದ ಪೈಪು ಎತ್ತಿದ. ಅವರು ಗಾಡಿಗೆ ಮಂಗಳಾರತಿ ಎತ್ತಿದರು. ಆಮೇಲೆ ತಟ್ಟೆಯನ್ನು ಡ್ರೈವರ್ ಮುಂದೆ ತಂದು, ಅವನ ಮುಖಕ್ಕೂ ಒಂದು ಸುತ್ತು ಬೆಳಗಿದರು. ಅವನು ಟೋಪಿ ತೆಗೆದು ಸಂಕೋಚದಿಂದ ತಲೆ ತಗ್ಗಿಸಿದ.

"ಯಾವ ಕಡೆಯವನಪ್ಪ ನೀನು?" ಎಂದು ಕೇಳಿದರು ಅತ್ತೆ.

"ದಂಡು, ಅಮ್ಮ" ಎನ್ನಲು ಅವನು ಬಾಯಿ ತೆರೆದದ್ದು ನನಗೆ ಕಂಡಿತು. ಅಷ್ಟರಲ್ಲಿ ನಮ್ಮವರು, ಒದ್ದೆ ಪಂಚೆ ಹಿಂಡುತ್ತ ನಿಂತಲ್ಲಿಂದಲೇ ಹೇಳಿದರು: "ನಮ್ಮ ಸ್ಟೇಷನ್ನೋನು ಕಣಮ್ಮ."